ನಿನ್ನ ಮನೆಗೇ ಅಂತ ಆರಿಸು

ಧರ್ಮಪಾಲರ ಫೋನು ಬಂದಾಗ ವಸಂತಕುಮಾರ ತನ್ನ ಹಳೆಯ ರೆಕಾರ್ಡ್ ಪ್ಲೇಯರಿನ ಪಕ್ಕ ನೆಲದ ಮೇಲೆ ಬೋರಲು ಮಲಗಿ, ಅದರ ಹೊಟ್ಟೆಗೆ ಕಿವಿ ಕೊಟ್ಟಿದ್ದ. ಒಳಗೆ ಮೋಟಾರು ಗುರುಗುಟ್ಟುತ್ತಿತ್ತು. ಹಾಡು ಹಾಕಿದರೆ ಆ ಗುರುಗುಟ್ಟುವಿಕೆಯೂ ಹಾಡಿನ ಜೊತೆಗೇ ಸ್ಪೀಕರಿಗೆ ಹೋಗುತ್ತಿತ್ತು. ಎಂಥ ಕೊಳಲಾದರೂ ಪಕ್ಕದ ಮನೆಯ ಮಿಕ್ಸರಿನೊಂದಿಗೆ ಜುಗಲ್‌ಬಂದಿಗೆ ಕೂತ ಹಾಗೆ ಕೇಳುತ್ತಿತ್ತು.

"ವಸಂತಾ, ನಿನ್ನಿಂದ ಒಂದು ಕೆಲಸ ಆಗ್ಬೇಕು, ಇವತ್ತೇ," ಎಂದರು ಧರ್ಮಪಾಲರು. "ಸಂಜೆ ಸನ್ಮಾನದಲ್ಲಿ ಕೊಡ್ಲಿಕ್ಕೆ ಒಂದು ರೆಕಾರ್ಡ್ ಪ್ಲೇಯರ್ ಬೇಕು."

ವಸಂತಕುಮಾರ ಎದ್ದು ಕೂತ. "ಯಾರಿಗೆ ಧರ್ಮಪಾಲಣ್ಣ?"

ಆ ಕಡೆಯಿಂದ ಒಂದು ಕೆಮ್ಮು ಬಂತು. "ಒಬ್ಬರಿಗೆ. ಅದೆಲ್ಲ ನಿನಗೆ ಎಂತಕ್ಕೆ? ತೀರ ಅಗ್ಗದ್ದು ಬೇಡ, ತೀರ ದೊಡ್ಡದೂ ಬೇಡ. ಮಧ್ಯದ್ದು ನೋಡು. ನಮ್ಮಲ್ಲಿ ಅದರ ವಿಷಯ ನಿನಗೆ ಬಿಟ್ರೆ ಯಾರಿಗೆ ಗೊತ್ತುಂಟು ಹೇಳು? ನಿನ್ನ ಮನೆಗೇ ಅಂತ ಆರಿಸು. ಸ್ವರ್ಣಲತಾ ಜೊತೆಗೆ ಬರ್ತಾರೆ. ದುಡ್ಡು ಅವರ ಹತ್ರ ಉಂಟು."

ಧರ್ಮಪಾಲರು ಫೋನು ಇಟ್ಟ ಮೇಲೂ ವಸಂತಕುಮಾರ ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ. ನಿನ್ನ ಮನೆಗೇ ಅಂತ ಆರಿಸು! ಇದಕ್ಕಿಂತ ಬಿಡಿಸಿ ಹೇಳಲು ಯಾವ ಅಧ್ಯಕ್ಷನಿಗಾದರೂ ಸಾಧ್ಯವೇ?

ಧರ್ಮಪಾಲರು ಥಾಣೆಯಲ್ಲಿ ಹೋಟೆಲು ಇಟ್ಟುಕೊಂಡವರು, ಕಡಲತಡಿ ಕನ್ನಡ ಬಳಗದ ಅಧ್ಯಕ್ಷರು. ಆ ಬಳಗದ ಯಾವ ಕಾರ್ಯಕ್ರಮವಿರಲಿ, ಡೊಂಬಿವಲಿಯಿಂದ ಆಂಪ್ಲಿಫೈಯರು, ಮೈಕು, ವಯರಿನ ಸುರುಳಿ ಹೊತ್ತು ತಂದು ಧ್ವನಿವರ್ಧಕ ನಡೆಸುವವನು ವಸಂತಕುಮಾರ. ಮೂವತ್ತು ವರ್ಷಗಳಿಂದ ಅವನು ವೇದಿಕೆಯ ಕೆಳಗೆ, ಎಡಮೂಲೆಯಲ್ಲಿ, ಬೇರೆಯವರ ಹೊಗಳಿಕೆಯನ್ನು ಎಲ್ಲರಿಗೂ ಕೇಳುವಂತೆ ಮಾಡುತ್ತ ಕೂತಿದ್ದ. ಅವನು ಮೈಕಿನಲ್ಲಿ ಆಡಿದ ಮಾತೆಂದರೆ, "ಹಲೋ, ಒಂದು, ಎರಡು, ಮೂರು." ನಾಲ್ಕಕ್ಕೆ ಹೋಗುವ ಮೊದಲೇ ಯಾರಾದರೂ ಗಣ್ಯರು ಮೈಕು ಕಸಿದುಕೊಳ್ಳುತ್ತಿದ್ದರು.

ಈ ಸಂಜೆ ಅವನಿಗೆ ಸನ್ಮಾನ. ಇನ್ನೊಬ್ಬ ಸನ್ಮಾನಿತನೆಂದರೆ ಅವನ ಕಟ್ಟಡದಲ್ಲೇ ಮೇಲಿನ ಮಾಳಿಗೆಯಲ್ಲಿರುವ ದೇವದಾಸ. ಥಾಣೆಯ ವರ್ತಕ ನಗರದ ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಡಿಸಿದ್ದು ಅವನ ಸಾಧನೆ. ದೇವದಾಸನಿಗೆ ಸಂಗೀತವೆಂದರೆ ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚದಿದ್ದಾಗ ಬರುವ ಸದ್ದು. ಹಾಗಿದ್ದ ಮೇಲೆ ಪ್ಲೇಯರ್ ಯಾರಿಗೆಂದು ಕೇಳುವ ಅಗತ್ಯವೇ ಇರಲಿಲ್ಲ.

ಅದೂ ಅಲ್ಲದೆ, ಸನ್ಮಾನದ ಕೆಲಸವನ್ನು ಸನ್ಮಾನಿತರ ಕೈಯಿಂದಲೇ ಮಾಡಿಸುವುದು ಬಳಗದ ರೂಢಿ. ಖಜಾಂಚಿ ಸ್ವರ್ಣಲತಾ ಹೋದ ವರ್ಷ "ಯಾರೋ ಒಬ್ಬರಿಗೆ" ಎಂದು ತಾವೇ ದಾದರಿನವರೆಗೆ ಹೋಗಿ ಶಾಲು ತಂದು, ಸಂಜೆ ಅದನ್ನೇ ಹೊದೆಸಿಕೊಂಡು ಕಣ್ಣೊರೆಸಿಕೊಂಡಿದ್ದರು. ಧರ್ಮಪಾಲರ ಅರುವತ್ತರ ಅಭಿನಂದನೆಗೆ ಅವರದೇ ಹೋಟೆಲಿನಿಂದ ಇಡ್ಲಿ ಬಂದಿತ್ತು. ಬಿಲ್ಲು ಅವರೇ ಹರಿದಿದ್ದರು. ಸನ್ಮಾನಿತನ ಕರ್ತವ್ಯ ಒಂದೇ. ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ಇರಬೇಕು. ಕೊಡಲು ಬಂದಾಗ "ಅಯ್ಯೋ, ನನಗೆ ಯಾಕೆ ಇದೆಲ್ಲ" ಎನ್ನಬೇಕು. ಬೇಕು ಅಂದವನ ಹೆಸರು ಕರಾವಳಿಯವರ ನಾಲಗೆಯಲ್ಲಿ ಮೂರು ತಲೆಮಾರು ಹುಳಿಯಾಗಿ ಉಳಿಯುತ್ತದೆ.

"ನಿಮಗೇ ಅಂತ ಯಾರು ಹೇಳಿದ್ದು?" ಎಂದಳು ಹೆಂಡತಿ ಅಕ್ಕು, ನೀರುದೋಸೆಯ ಕಾವಲಿಗೆಗೆ ಎಣ್ಣೆ ಸವರುತ್ತ.

"ಹೇಳ್ತಾರಾ? ಹೇಳಿದ್ರೆ ಅದು ಸನ್ಮಾನ ಆಗ್ತದಾ?"

"ನಿಮಗೆ ಅದು ಬೇಕು ಅಂತ ಅವರಿಗಾದ್ರೂ ಗೊತ್ತುಂಟಾ? ಬಾಯಿಬಿಟ್ಟು ಒಂದು ಸಲ ಬೇಕು ಅಂತ ಹೇಳಿ. ನಾಲಗೆಗೇನೂ ಆಗುದಿಲ್ಲ."

ಬೇಕು ಎಂದು ವಸಂತಕುಮಾರ ಹೇಳಿಕೊಂಡದ್ದು ಈ ಮನೆಯ ಗೋಡೆಗಳಿಗೆ ಮಾತ್ರ. ಥಾಣೆಯ ಔಷಧಿ ಗೋದಾಮಿನಿಂದ ನಿವೃತ್ತನಾಗುವ ಎಷ್ಟೋ ಮೊದಲಿನಿಂದ ಅವನಿಗೆ ಒಳ್ಳೆಯ ಪ್ಲೇಯರಿನ ಆಸೆ. ಆಂಪ್ಲಿಫೈಯರು ಹಳೆಯದಾದರೂ ಗಟ್ಟಿ. ಸ್ಪೀಕರುಗಳನ್ನು ಅವನೇ ಬಿಚ್ಚಿ ಹೊಸದು ಮಾಡಿದ್ದ. ಪ್ಲೇಯರ್ ಒಂದೇ ಕೊರತೆ. ಆದರೆ ಅವನು ಕೊಳ್ಳಲು ಹೊರಟ ವರ್ಷವೇ ವಾಷಿಂಗ್ ಮೆಷಿನ್ ಕೈಕೊಡುತ್ತಿತ್ತು. ಇಲ್ಲವೇ ದೇವದಾಸನೇ, ಕಟ್ಟಡದ ಸೊಸೈಟಿಯ ಸೆಕ್ರೆಟರಿಯಾಗಿ, ಲಿಫ್ಟ್ ರಿಪೇರಿಯ ವಂತಿಗೆಗೆ ಬಾಗಿಲು ತಟ್ಟುತ್ತಿದ್ದ.

ಅವನು ಶೆಲ್ಫಿನ ಧೂಳು ಒರೆಸಿದ. ಹಲಗೆ ಸಮವಾಗಿದೆಯೇ ಎಂದು ನೋಡಲು ತಟ್ಟೆಯಲ್ಲಿ ನೀರು ತುಂಬಿ ಇಟ್ಟು, ಒಂದು ಮೂಲೆಗೆ ಹಳೆಯ ರೈಲ್ವೆ ಪಾಸು ಮಡಚಿ ಕೊಟ್ಟ. ಹೊಸ ಸೊಸೆಗೆ ಕೋಣೆ ಸಿದ್ಧ ಮಾಡುವ ಅತ್ತೆಯೂ ಅಷ್ಟು ಮುತುವರ್ಜಿ ವಹಿಸುವುದಿಲ್ಲ. ಹಳೆಯ ಪ್ಲೇಯರ್ ಮಾತ್ರ ನೆಲದ ಮೇಲೆ ಅಡ್ಡವಾಗಿ ಉಳಿಯಿತು.

ಅದೇ ಹೊತ್ತಿಗೆ ದೇವದಾಸ ಬಂದ. ಯಾರ ಮನೆಯಲ್ಲಿ ಯಾವ ವಸ್ತು ಬೇಡವಾಗಿದೆ ಎಂಬುದು ಆ ಮನೆಯವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

"ಏನು ವಸಂತಣ್ಣ, ಪ್ಲೇಯರನ್ನು ಕೆಳಗೆ ಇಳಿಸಿದ್ದೀರಿ? ಕೊಡುದಾದ್ರೆ ನನಗೆ ಕೊಡಿ ಅಂತ ನಾನು ಆವತ್ತೇ ಹೇಳಿದ್ದೆ."

ವಸಂತಕುಮಾರನಿಗೆ ಅಚ್ಚರಿಯಾಯಿತು. ಅಚ್ಚರಿಗಿಂತ ಹೆಚ್ಚಾಗಿ, ಸಂಜೆ ಶಾಲು ಹೊದೆಯಲಿರುವವನಿಗೆ ಬೆಳಿಗ್ಗೆಯಿಂದಲೇ ಬರುವ ಒಂದು ಔದಾರ್ಯ ಉಕ್ಕಿಬಂತು. "ನಿನಗೂ ಇದರ ಹುಚ್ಚು ಉಂಟಾ ಮಾರಾಯ?"

"ಉಂಟು ಉಂಟು," ಎಂದ ದೇವದಾಸ, ಬಗ್ಗಿ ಪ್ಲೇಯರಿನ ತಟ್ಟೆಯನ್ನು ಬೆರಳಿನಿಂದ ತಿರುಗಿಸುತ್ತ. "ಇದು ಎಷ್ಟು ಭಾರ ತಡೀತದೆ? ಇನ್ನೂ ಸ್ವಲ್ಪ ನಿಧಾನ ತಿರುಗುವ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಭಾರ, ವೇಗ! ಮೂವತ್ತು ವರ್ಷಗಳಲ್ಲಿ ಯಾರೂ ಅವನಿಗೆ ಇಂಥ ತಿಳುವಳಿಕೆಯ ಪ್ರಶ್ನೆ ಕೇಳಿರಲಿಲ್ಲ. "ಈ ಗುಂಡಿ ನೋಡು, ಇಲ್ಲಿ ತಿರುಗಿಸಿದ್ರೆ ನಿಧಾನ. ತಗೊಂಡು ಹೋಗು."

ಅಡುಗೆಮನೆಯಿಂದ ಕಾವಲಿಗೆಯ ಸದ್ದು ನಿಂತಿತು. ಅಕ್ಕು ಬಾಗಿಲಿಗೆ ಬಂದಳು. "ಹೊಸ..." ಎಂದು ಶುರುಮಾಡಿದವಳನ್ನು ವಸಂತಕುಮಾರ ಕಣ್ಣಿನಲ್ಲೇ ತಡೆದ.

"ನಿಮಗೆ ಬೇಡ್ವಾ ಹಾಗಾದ್ರೆ?" ದೇವದಾಸ ಕೇಳಿದ.

ನನಗೆ ಹೊಸದು ಬರುತ್ತದೆ ಎಂದು ಹೇಳುವಂತಿಲ್ಲ. ವಸಂತಕುಮಾರ ಒಂದು ನಿಟ್ಟುಸಿರು ಬಿಟ್ಟ. ಅದು ಚೆನ್ನಾಗಿಯೇ ಬಂತು. "ಸಾಕಾಯ್ತು ಮಾರಾಯ. ಇನ್ನೆಂಥ ಹಾಡು, ಇನ್ನೆಂಥ ರೆಕಾರ್ಡು. ಈ ವಯಸ್ಸಿಗೆ ಮನೆಯಲ್ಲಿ ಸದ್ದು ಇಲ್ಲದಿದ್ರೆ ಅದೇ ಸುಖ."

ದೇವದಾಸ ಪ್ಲೇಯರನ್ನು ಎತ್ತಿಕೊಂಡು, ಮನಸ್ಸು ಬದಲಾಗುವ ಮೊದಲು ಮೆಟ್ಟಿಲು ಹತ್ತಿಬಿಟ್ಟ.

"ಹೊಸದು ಮನೆಗೆ ಬಂದ ಮೇಲೆ ಕೊಡಬಹುದಿತ್ತು," ಎಂದಳು ಅಕ್ಕು.

"ಎರಡು ಇಡ್ಲಿಕ್ಕೆ ಜಾಗ ಎಲ್ಲುಂಟು?"

ಅಕ್ಕು ಖಾಲಿ ಶೆಲ್ಫನ್ನೂ ಗಂಡನನ್ನೂ ಒಮ್ಮೆ ನೋಡಿ ಒಳಗೆ ಹೋದಳು. ದೋಸೆ ಕರಟಿತ್ತು.

ಭಾನುವಾರವಾದ್ದರಿಂದ ಹಳಿ ದುರಸ್ತಿಯ ಮೆಗಾಬ್ಲಾಕ್. ಥಾಣೆಯಿಂದ ನವಿ ಮುಂಬಯಿಗೆ ಹೋಗುವ ಗಾಡಿಗಳು ಮುನಿಸಿಕೊಂಡ ಅಳಿಯಂದಿರಂತೆ, ಕರೆದರೂ ಬಾರದೆ, ಬಂದರೂ ನಿಲ್ಲುವ ಮನಸ್ಸಿಲ್ಲದೆ ಓಡಾಡುತ್ತಿದ್ದವು. ಧಾರವಾಡದ ಕಡೆಯವರಾದ ಸ್ವರ್ಣಲತಾ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಳಗದ ದುಡ್ಡಿನ ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು.

"ಯಾರಿಗಂತ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ," ಎಂದರು, ಅವನು ಕೇಳುವ ಮೊದಲೇ. ಹೇಳಿ ತಾವೇ ನಕ್ಕರು.

"ನಾನು ಕೇಳಲೇ ಇಲ್ಲವಲ್ಲ," ಎಂದು ವಸಂತಕುಮಾರನೂ ನಕ್ಕ. ಪ್ಲೇಯರಿನ ಅಂಗಡಿಯಿದ್ದ ಸೀವುಡ್ಸ್ ಬರುವವರೆಗೆ ಇಬ್ಬರೂ ಆಗಾಗ ಹೀಗೆ ನಗುತ್ತಲೇ ಇದ್ದುದರಿಂದ ಎದುರು ಕೂತ ಮರಾಠಿ ಅಜ್ಜಿಯೊಬ್ಬಳು ಎದ್ದು ಬೇರೆ ಕಡೆ ಹೋಗಿ ಕೂತಳು.

ಅಂಗಡಿಯ ಮಾಲೀಕ ಜಯೇಶ್. ಗಿರಾಕಿಯ ಚಪ್ಪಲಿ ನೋಡಿ ಪೆಟ್ಟಿಗೆ ಇಳಿಸುವವನು. ವಸಂತಕುಮಾರನ ಚಪ್ಪಲಿ ನೋಡಿ ಸೂಟ್‌ಕೇಸಿನಂಥ ಕೆಂಪು ಪ್ಲೇಯರ್ ಇಳಿಸಿದ. "ಅಂಕಲ್, ಗಿಫ್ಟ್ ಕೇಲಿಯೆ ಬೆಸ್ಟ್. ಸ್ಪೀಕರ್ ಅಂದರ್ ಹೀ ಹೈ."

"ಅಯ್ಯ, ಎಷ್ಟು ಛಂದ ಅದ ನೋಡ್ರಿ!" ಎಂದರು ಸ್ವರ್ಣಲತಾ. "ಮುಚ್ಚಿದ್ರ ಸೂಟ್‌ಕೇಸು. ಊರಿಗೆ ಹೋಗೂ ಮುಂದ ಸೀರಿನೂ ಇಡಬಹುದು."

"ಇದರ ಸೂಜಿ ರೆಕಾರ್ಡನ್ನು ತುರಿಮಣೆಯ ಹಾಗೆ ತುರೀತದೆ ಟೀಚರ್," ಎಂದ ವಸಂತಕುಮಾರ, ತನ್ನ ಮಗುವನ್ನೇ ಯಾರೋ ತುರಿಯಲು ಹೊರಟಂತೆ.

ಜಯೇಶ್ ಚಪ್ಪಲಿಯಿಂದ ಕಣ್ಣೆತ್ತಿ ಮುಖ ನೋಡಿದ. ಆಮೇಲೆ ಒಳ್ಳೆಯ ಪೆಟ್ಟಿಗೆಗಳು ಒಂದೊಂದಾಗಿ ಇಳಿದವು. ಒಂದರಲ್ಲಿ ಬ್ಲೂಟೂತ್ ಇತ್ತು. ಗುಂಡಿ ಒತ್ತಿದರೆ ಸೂಜಿಯ ಕೈ ತಾನಾಗಿ ಎದ್ದು ಹೋಗಿ ರೆಕಾರ್ಡಿನ ಮೇಲೆ ಕೂರುತ್ತಿತ್ತು. ಸ್ವರ್ಣಲತಾ ಅದಕ್ಕೆ ಮನಸೋತು ಮೂರು ಸಲ ಒತ್ತಿಸಿ ನೋಡಿದರು. ಇನ್ನೊಂದು ಮದುವೆ ಮನೆಗಳಲ್ಲಿ ಡಿಜೆಗಳು ತಿರುಗಿಸುವಂಥದು, ಬೀಸುವ ಕಲ್ಲಿನಷ್ಟು ಭಾರ. ವಸಂತಕುಮಾರ ಎರಡನ್ನೂ ಬದಿಗೆ ಸರಿಸಿದ. ಅವನ ಕಣ್ಣು ಮೂಲೆಯಲ್ಲಿದ್ದ, ಮರದ ಬಣ್ಣದ, ಯಾವ ಅಲಂಕಾರವೂ ಇಲ್ಲದ ಒಂದರ ಮೇಲೆ ಬಿದ್ದಿತ್ತು. ಬೆಲ್ಟಿನಿಂದ ತಿರುಗುವಂಥದು. ಮೋಟಾರು ತಟ್ಟೆಯಿಂದ ದೂರ. ಕೈಯ ಹಿಂದಿನ ತೂಕವನ್ನು ತಿರುಗಿಸಿ ಸೂಜಿಯ ಭಾರ ಹೊಂದಿಸಬಹುದು. ಅವನು ಬಗ್ಗಿ ಅದರ ಹೊಟ್ಟೆಗೆ ಕಿವಿ ಕೊಟ್ಟ.

ಏನೂ ಕೇಳಿಸಲಿಲ್ಲ.

ಅವನು ಹಾಗೇ ಇದ್ದ. ಜಯೇಶ್ ಗಾಬರಿಯಾಗಿ, "ಅಂಕಲ್, ತಬಿಯತ್ ಠೀಕ್ ಹೈ?" ಎಂದ.

"ಇದೇ," ಎಂದ ವಸಂತಕುಮಾರ.

"ಅಂಕಲ್, ಇಸ್ಮೆ ಪ್ರೀಆಂಪ್ ನಹೀ ಹೈ. ಯಾರಿಗೆ ಕೊಡ್ತೀರೋ ಅವರ ಮನೇಲಿ ಫೋನೋ, ಅಂದ್ರೆ ಪ್ಲೇಯರ್ ಸಿಕ್ಕಿಸೋ ಜಾಗ, ಇರೋ ಆಂಪ್ಲಿಫೈಯರ್ ಬೇಕು, ನಹೀ ತೋ ಆವಾಜ್ ನಹೀ ಆಯೇಗಾ," ಎಂದ ಜಯೇಶ್. ಅಂಗಡಿಗೆ ಬರುವ ಕನ್ನಡಿಗರಿಂದ ಕಲಿತ ಕನ್ನಡ ಅವನದು.

"ಉಂಟು, ಅವರ ಮನೆಯಲ್ಲಿ ಉಂಟು," ಎಂದುಬಿಟ್ಟ ವಸಂತಕುಮಾರ. ಸ್ವರ್ಣಲತಾ ಬೇರೆ ಕಡೆ ನೋಡಿ ನಗು ನುಂಗಿದರು. ಅವನಿಗೆ ಅದು ಸಾಕಾಯಿತು. ಸಿಕ್ಕ ಧೈರ್ಯದಲ್ಲಿ ಜೊತೆಗೆ ಬಂದ ಸೂಜಿಯನ್ನು ತೆಗೆಸಿ, ಅದಕ್ಕಿಂತ ಒಂದು ಮಟ್ಟ ಮೇಲಿನ ಸೂಜಿ ಹಾಕಿಸಿದ. ಬಳಗದ ಚೀಲಕ್ಕೆ ಅದು ಎಟಕುವಂತಿರಲಿಲ್ಲ. ಹೆಚ್ಚಾದ ದುಡ್ಡನ್ನು ಅವನೇ ಜೇಬಿನಿಂದ ಕೊಟ್ಟ.

"ನೀವ್ಯಾಕ ಕೊಡ್ತೀರಿ?" ಸ್ವರ್ಣಲತಾ ಹುಬ್ಬೇರಿಸಿದರು.

"ಬಳಗಕ್ಕೆ ನನ್ನದೊಂದು ಸೇವೆ ಅಂತ ಇರ್ಲಿ ಟೀಚರ್."

ಸೀವುಡ್ಸ್ ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿ ಕಾಯುತ್ತಿದ್ದಾಗ ಧರ್ಮಪಾಲರ ಫೋನು ಮತ್ತೆ ಬಂತು. "ವಸಂತಾ, ದೇವದಾಸ ಈಗ ಹೇಳಿದ. ನಿನ್ನ ಪ್ಲೇಯರನ್ನು ಅವನಿಗೆ ಕೊಟ್ಟುಬಿಟ್ಟಿಯಂತೆ? ಹೌದಾ?"

ವಸಂತಕುಮಾರ ಒಳಗೇ ನಕ್ಕ. ಮುದುಕ ಬಾಯಿ ಬಿಡಿಸಲು ನೋಡುತ್ತಿದ್ದಾನೆ! ಇಲ್ಲಿ ಜಾರಿದರೆ ಸಂಜೆಯ ಸೊಗಸೆಲ್ಲ ಹಾಳು. "ಹೌದು ಧರ್ಮಪಾಲಣ್ಣ. ಸಾಕಾಯ್ತು."

"ಸಾಕಾಯ್ತು ಅಂದ್ರೆ? ಇನ್ನು ಕೇಳುದೇ ಇಲ್ವಾ? ಸಮ ಹೇಳು ಮಾರಾಯ."

"ಎಂತ ಕೇಳುದು. ಆ ಆಸೆ ಎಲ್ಲ ಹೋಯ್ತು. ಈಗ ಯಾರಾದ್ರೂ ಹೊಸತು ತಂದು ಎದುರಿಗೆ ಇಟ್ರೂ ನಾನು ಬೇಡ ಅಂತೇನೆ."

"ಹಾಗಾ," ಎಂದರು ಧರ್ಮಪಾಲರು. "ಮೊದಲೇ ಹೇಳ್ಬೇಕಲ್ಲ. ಇರ್ಲಿ. ಸ್ವರ್ಣಲತಾ ಅವರಿಗೆ ಕೊಡು."

ಸ್ವರ್ಣಲತಾ ಫೋನು ಹಿಡಿದು ಪ್ಲಾಟ್‌ಫಾರ್ಮಿನ ಆ ತುದಿಗೆ ನಡೆದರು. ಕೈ ಆಡಿಸಿ ಏನೇನೋ ಹೇಳಿದರು. ತಿರುಗಿ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಖರೇನ ಬ್ಯಾಡೇನ್ರಿ ನಿಮಗ ಇಂಥಾದ್ದು?" ಎಂದು ಕೇಳಿದರು, ಪೆಟ್ಟಿಗೆಯತ್ತ ನೋಡುತ್ತ.

ಎಷ್ಟು ಚೆನ್ನಾಗಿ ನಟಿಸುತ್ತಾರೆ ಈ ಟೀಚರ್, ಎಂದುಕೊಂಡ ವಸಂತಕುಮಾರ. ಪೆಟ್ಟಿಗೆಯ ಮೇಲೆ ಗಲ್ಲ ಊರಿಕೊಂಡು, "ಖಂಡಿತ ಬೇಡ," ಎಂದ.

ಗಾಡಿ ಬಂತು. ಇಬ್ಬರೂ ಹತ್ತಿದರು. ಥಾಣೆಯವರೆಗೆ ಸ್ವರ್ಣಲತಾ ಒಮ್ಮೆಯೂ ನಗಲಿಲ್ಲ. ಮೆಗಾಬ್ಲಾಕಿನ ನೂಕುನುಗ್ಗಲಿನಲ್ಲಿ ವಸಂತಕುಮಾರನ ಬೆನ್ನಿಗೆ ಮೂರು ಚೀಲ, ಒಂದು ಮೊಣಕೈ, ಒಂದು ಕ್ರಿಕೆಟ್ ಬ್ಯಾಟು ತಾಗಿದವು. ಪೆಟ್ಟಿಗೆಗೆ ಮಾತ್ರ ಏನೂ ತಾಗಲಿಲ್ಲ.

ಸಭಾಂಗಣ ತಲುಪಿದ ಮೇಲೆ ಪೆಟ್ಟಿಗೆಯನ್ನು ಧರ್ಮಪಾಲರು ಒಳಗೆ ಒಯ್ದರು. ವಸಂತಕುಮಾರ, ಸನ್ಮಾನಿತನಾದರೂ, ವಯರು ಎಳೆದ. ಈ ದಿನ ಮೈಕನ್ನು ಎಂದಿಗಿಂತ ಹೆಚ್ಚು ಶ್ರದ್ಧೆಯಿಂದ ಹೊಂದಿಸಿದ. ತನ್ನ ಬಗ್ಗೆ ಆಡುವ ಮಾತಿನ ಒಂದು ಅಕ್ಷರವೂ ಹಿಂದಿನ ಸಾಲಿಗೆ ತಪ್ಪಬಾರದು. ಆಮೇಲೆ ಕೈ ತೊಳೆಯುವ ಕಡೆ ಕನ್ನಡಿಯ ಮುಂದೆ ನಿಂತು ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡಿದ. ಬಾಯಿ ಸ್ವಲ್ಪ ತೆರೆಯಬೇಕು, ಕೈ ಎದೆಗೆ ಹೋಗಬೇಕು. ಎರಡನೆಯ ಸಲ ಚೆನ್ನಾಗಿ ಬಂತು.

ವೇದಿಕೆಯ ಮೇಲೆ ದೇವದಾಸನ ಪಕ್ಕ ಅವನಿಗೂ ಒಂದು ಕುರ್ಚಿ. ಶಾಲು ಹೊದೆಸಿದರು. ಮುಂದಿನ ಸಾಲಿನಲ್ಲಿ ಅಕ್ಕು ತನ್ನ ಒಳ್ಳೆಯ ಸೀರೆಯುಟ್ಟು ಕೂತಿದ್ದಳು. ಧರ್ಮಪಾಲರು ಮೈಕಿನ ಮುಂದೆ ನಿಂತರು. ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಮೇಜಿನ ಮೇಲಿತ್ತು. ಎಂಥ ಕಾಗದ ಸುತ್ತಿದರೂ ಅದರ ಅಳತೆ ಅವನ ಎದೆಗೆ ಗೊತ್ತಿತ್ತು.

"ಈಗ ನಮ್ಮ ವಸಂತಕುಮಾರನ ಬಗ್ಗೆ ಎರಡು ಮಾತು," ಎಂದರು ಧರ್ಮಪಾಲರು. ಧ್ವನಿ ಗಂಟೆ ಹೊಡೆದಂತೆ ಕೇಳುತ್ತಿತ್ತು. "ನಿಮಗೊಂದು ಗುಟ್ಟು ಹೇಳ್ತೇನೆ. ಈ ಪೆಟ್ಟಿಗೆಯಲ್ಲಿ ರೆಕಾರ್ಡ್ ಪ್ಲೇಯರ್ ಉಂಟು. ಇವನಿಗೆ ಕೊಡಬೇಕು ಅಂತಲೇ ಇವನ ಕೈಯಿಂದಲೇ ಆರಿಸಿದ್ದು ನಾವು!"

ಚಪ್ಪಾಳೆ. ವಸಂತಕುಮಾರ ಬಾಯಿ ಸ್ವಲ್ಪ ತೆರೆದ. ಕೈ ಎದೆಗೆ ಒಯ್ದ.

"ಆದರೆ ಇವನು ಎಂಥ ಮನುಷ್ಯ ನೋಡಿ. ಇವತ್ತು ಬೆಳಿಗ್ಗೆ ತನ್ನ ಸ್ವಂತ ಪ್ಲೇಯರನ್ನು ಎತ್ತಿ ದೇವದಾಸನಿಗೆ ಕೊಟ್ಟುಬಿಟ್ಟ. ನಾನು ನಂಬಲಿಲ್ಲ. ಫೋನ್ ಮಾಡಿ ಕೇಳಿದೆ. ಹೊಸತು ತಂದು ಎದುರಿಗೆ ಇಟ್ರೂ ಬೇಡ ಅಂತೇನೆ ಅಂದ. ನನ್ನ ಈ ಕಿವಿಯಿಂದಲೇ ಕೇಳಿದ್ದು. ಆಸೆ ಬಿಡುದು ಅಂದ್ರೆ ಇದು! ಬೇಡ ಅಂದವನ ಮೇಲೆ ಹೇರಿದ್ರೆ ಅದು ಅವನಿಗೆ ಅವಮಾನ. ಹಾಗಾಗಿ, ಈ ವಯಸ್ಸಿನಲ್ಲಿ ಹೊಸತಾಗಿ ಸಂಗೀತದ ರುಚಿ ಹತ್ತಿಸಿಕೊಂಡ ದೇವದಾಸನಿಗೆ ಇದನ್ನು ಕೊಡುದು ಅಂತ ತೀರ್ಮಾನ ಮಾಡಿದ್ದೇವೆ. ವಸಂತಾ, ಬಾ, ನೀನೇ ನಿನ್ನ ಕೈಯಾರೆ ಕೊಡು!"

ಹಿಂದಿನ ಸಾಲಿನವರೆಗೆ ಪ್ರತಿಯೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ವಸಂತಕುಮಾರನ ಬಾಯಿ ತೆರೆದೇ ಇತ್ತು, ಕೈ ಎದೆಯ ಮೇಲೇ ಇತ್ತು. ಎಷ್ಟು ಸಂತೋಷಪಟ್ಟಿದ್ದಾನೆ ಪಾಪ, ಎಂದು ಮುಂದಿನ ಸಾಲಿನಲ್ಲಿ ಯಾರೋ ಹೇಳಿದರು. ಅವನು ಎದ್ದ. ಪೆಟ್ಟಿಗೆ ಎತ್ತಿದ. ದೇವದಾಸನ ಕೈಗೆ ಕೊಟ್ಟ. ಫೋಟೊಗೆಂದು ಎರಡನೆಯ ಸಲವೂ ಕೊಡಬೇಕಾಯಿತು.

ಅವನ ಕೈಗೆ ಒಂದು ಗೋಡೆ ಗಡಿಯಾರ ಬಂತು.

ಚಪ್ಪಾಳೆಯ ನಡುವೆ ಮೈಕು ಕಿರ್ರನೆ ಕೂಗಿಕೊಂಡಿತು. ಜನ ಕಿವಿ ಮುಚ್ಚಿಕೊಂಡರು. ಕೆಳಗೆ ಎಡಮೂಲೆಯಲ್ಲಿ ಯಾರೂ ಇರಲಿಲ್ಲ.

"ವಸಂತಾ, ಸ್ವಲ್ಪ ನೋಡು ಮಾರಾಯ," ಎಂದರು ಧರ್ಮಪಾಲರು.

ಅವನು ಶಾಲು ಎಡವುತ್ತ ಇಳಿದು ಹೋಗಿ ಗುಂಡಿ ತಿರುಗಿಸಿ, ಮತ್ತೆ ಮೇಲೆ ಬಂದು ಮೈಕು ಹಿಡಿದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮೈಕು ಕಸಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಅಕ್ಕು ಕುರ್ಚಿಯ ತುದಿಗೆ ಬಂದಿದ್ದಳು. ಹೇಳಿ, ಎಂದು ಅವಳ ಮುಖ ಹೇಳುತ್ತಿತ್ತು.

"ಹಲೋ," ಎಂದ ವಸಂತಕುಮಾರ. "ಒಂದು. ಎರಡು. ಮೂರು."

ಮೈಕು ಸರಿಯಾಗಿತ್ತು. ಅವನು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದ.

ಡೊಂಬಿವಲಿಗೆ ಮರಳುವ ಲೋಕಲಿನಲ್ಲಿ ದೇವದಾಸ ಅವರ ಎದುರಿಗೇ ಕೂತ. ಹಾರ, ಹಣ್ಣಿನ ಬುಟ್ಟಿ ಹಿಡಿದು ಅವನ ಕೈ ತುಂಬಿದ್ದರಿಂದ ಪೆಟ್ಟಿಗೆ ವಸಂತಕುಮಾರನ ತೊಡೆಯ ಮೇಲೆ ಬಂದಿತ್ತು. "ನಾಜೂಕು ವಸ್ತು ಅಲ್ವಾ, ನಿಮಗಾದ್ರೆ ಹಿಡಿಯುವ ಕ್ರಮ ಗೊತ್ತುಂಟು," ಎಂದಿದ್ದ ದೇವದಾಸ.

ಗಡಿಯಾರ ಅಕ್ಕುವಿನ ಮಡಿಲಲ್ಲಿತ್ತು. ಅದರ ಮೇಲೆ 'ಸಭಾಂಗಣ ಒದಗಿಸಿದ ಉದಾರತೆಗಾಗಿ' ಎಂದು ಅಚ್ಚಾಗಿತ್ತು. ಕೆಳಗೆ ಒಂದು ಬಿಳಿ ಚೀಟಿ ಅಂಟಿಸಿ ವಸಂತಕುಮಾರನ ಹೆಸರು ಬರೆದಿದ್ದರು. ಅಕ್ಷರ ಸ್ವರ್ಣಲತಾ ಟೀಚರದು, ದುಂಡಗೆ ಚೆಂದವಾಗಿತ್ತು. ಚೀಟಿಯ ಒಂದು ಮೂಲೆ ಈಗಲೇ ಎದ್ದಿತ್ತು. ಅಕ್ಕು ಅದನ್ನು ಉಗುರಿನಿಂದ ಎಬ್ಬಿಸುತ್ತ ಕೂತಳು.

ವಸಂತಕುಮಾರ ಬಹಳ ಯೋಚಿಸಿ ಬಾಯಿ ತೆರೆದ. "ದೇವದಾಸಾ, ನಿನಗೆ ಈಗ ಹೊಸದು ಸಿಕ್ಕಿತಲ್ಲ. ಹಾಗಾದ್ರೆ ಬೆಳಿಗ್ಗೆ ಕೊಟ್ಟ ಆ ಹಳೆಯದು..."

"ಅದಾ? ಅದು ತಯಾರಾಯ್ತು!" ದೇವದಾಸ ಖುಷಿಯಿಂದ ಮುಂದೆ ಬಾಗಿದ. "ಈ ಸಲ ನಮ್ಮ ಸೊಸೈಟಿಯ ಗಣಪತಿ ತಿರುಗ್ತದೆ ವಸಂತಣ್ಣ! ಆ ತಟ್ಟೆಯ ಮೇಲೆ ಗಣಪತಿ, ಸುತ್ತ ಲೈಟು. ಮೂರು ವರ್ಷದಿಂದ ಅದರ ಮೇಲೆ ನನಗೆ ಕಣ್ಣಿತ್ತು. ಆ ಕೈ ಒಂದು ಅಡ್ಡ ಬರ್ತಿತ್ತು, ಕತ್ತರಿಸಿ ತೆಗೆದೆ. ಮಾಲಾ ತಟ್ಟೆಗೆ ಬಂಗಾರದ ಬಣ್ಣ ಹಚ್ಚಿದ್ದಾಳೆ. ನೀವು ನೋಡ್ಬೇಕು."

ವಸಂತಕುಮಾರ ಕಿಟಕಿಯ ಹೊರಗೆ ನೋಡಿದ. ಮಾಲಾ ದೇವದಾಸನ ಹೆಂಡತಿ. ಅವಳು ಯಾವುದಕ್ಕಾದರೂ ಬಣ್ಣ ಹಚ್ಚಿದರೆ ಅದು ಹೋಗುವುದಿಲ್ಲ.

"ಹಾಡು ಕೇಳುವ ಆಸೆ ಅಂದ್ರಲ್ಲ?" ಎಂದಳು ಅಕ್ಕು.

"ಧರ್ಮಪಾಲಣ್ಣ ಹಾಗೆ ತಿಳಕೊಂಡ್ರು ಅತ್ತಿಗೆ. ದೊಡ್ಡವರು ಪ್ರೀತಿಯಿಂದ ಕೊಡುವಾಗ ಅಲ್ಲ ಅಂತ ಹೇಳುದು ಹೇಗೆ?" ದೇವದಾಸ ಒಂದು ಬಾಳೆಹಣ್ಣು ಸುಲಿದ. "ಈಗ ತೊಂದರೆ ಅದೇ ಆಯ್ತು. ಗಣಪತಿ ನೋಡ್ಲಿಕ್ಕೆ ಅವರು ಮನೆಗೆ ಬರ್ತಾರೆ. ಬಂದಾಗ ಇದರಲ್ಲಿ ಒಂದು ಹಾಡಾದ್ರೂ ಕೇಳಿಸಬೇಕಲ್ಲ? ಇದಕ್ಕೆ ಬೇರೆ ಎಂಥದೋ ಆಂಪ್ಲಿಫೈಯರ್ ಬೇಕಂತೆ, ಸ್ವರ್ಣಲತಾ ಟೀಚರ್ ಹೇಳಿದ್ರು. ಟಿವಿಗೆ ಸಿಕ್ಕಿಸಿದ್ರೆ ಆಗುದಿಲ್ಲವಂತೆ. ಅಂಥದು ನಮ್ಮ ಕಟ್ಟಡದಲ್ಲೇ ಒಂದುಂಟಲ್ಲ, ಅಂತ ನೆನಪಾಯ್ತು." ಅವನು ಹಣ್ಣಿನ ಸಿಪ್ಪೆಯಿಂದ ವಸಂತಕುಮಾರನ ಕಡೆ ತೋರಿಸಿದ. "ನಿಮ್ಮದು ಈಗ ಸುಮ್ಮನೆ ಕೂತಿದೆ. ಅಲ್ವಾ?"

ಗಾಡಿ ಮುಂಬ್ರಾದ ಸುರಂಗದೊಳಗೆ ನುಗ್ಗಿತು. ಸದ್ದಿನಲ್ಲಿ ಯಾರಿಗೂ ಮಾತಾಡಲಾಗಲಿಲ್ಲ. ಅಕ್ಕು ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಇಲ್ಲ ಎಂಬ ಶಬ್ದ ಅವನ ಗಂಟಲಿನವರೆಗೆ ಬಂದದ್ದು ಅವಳಿಗೆ ಕಾಣಿಸಿತು. ಸುರಂಗ ಮುಗಿಯಿತು.

"ನಾಳೆ ಬೆಳಿಗ್ಗೆ ಬಾ," ಎಂದ ವಸಂತಕುಮಾರ. "ವಯರು ನಾನೇ ಬಂದು ಜೋಡಿಸ್ತೇನೆ. ಸೂಜಿಗೆ ಕೈ ಹಚ್ಚಬೇಡ. ಒಳ್ಳೆ ಸೂಜಿ ಅದು."

ಅಕ್ಕು ಚೀಟಿಯನ್ನು ಪೂರ್ತಿ ಕಿತ್ತು, ಉಂಡೆ ಮಾಡಿ ಕಿಟಕಿಯಿಂದ ಎಸೆದಳು. ಚೀಟಿಯ ಅಡಿಯಿಂದ ದೇವದಾಸನ ಹೆಸರು ಬಂಗಾರದ ಅಕ್ಷರದಲ್ಲಿ ಮೇಲೆ ಬಂತು. ಅವಳು ಗಡಿಯಾರವನ್ನು ಅವನ ಹಣ್ಣಿನ ಬುಟ್ಟಿಯ ಮೇಲೆ ಇಟ್ಟಳು.

"ಇದೂ ನಿಮ್ಮದೇ ದೇವದಾಸಣ್ಣ. ಮತ್ತೆ ಸ್ಪೀಕರ್ ಬೇಡ್ವಾ? ಅದೂ ಎರಡುಂಟು. ರೆಕಾರ್ಡುಗಳೂ ಉಂಟು, ಒಂದು ಕಪಾಟು ತುಂಬ."

ಬಾಳೆಹಣ್ಣು ದೇವದಾಸನ ಬಾಯಿಯ ಹತ್ತಿರ ನಿಂತಿತು. ಅವನ ಕಣ್ಣು ತುಂಬಿ ಬಂತು.

"ವಸಂತಣ್ಣ," ಎಂದ, "ಅತ್ತಿಗೆಯದ್ದು ನಿಮಗಿಂತಲೂ ದೊಡ್ಡ ಮನಸ್ಸು. ಆ ಕಪಾಟು ಸಮೇತ ಕೊಡುದಾದ್ರೆ ನಾಳೆ ನಾಲ್ಕು ಜನರನ್ನು ಕರಕೊಂಡು ಬರ್ತೇನೆ."